ಹಾಲಮ್ಮನ ಗುಲಾಬಿಗೆ ಔಷಧಿ ಹೊಡೆದ ಶ್ರಾವಣ

ಕಳೆದ ವಾರ ಚನ್ನಗಿರಿಯಲ್ಲಿ ಸಂತೇಬೆನ್ನೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬೆನ್ನ ಹಿಂದೆ ಬೀಜ, ಗೊಬ್ಬರ ಮಾರುವ ಅಂಗಡಿ. ಒಳಗೆ ಯಾರೋ ಡಬ್ಬದ ಮುಚ್ಚಳ ತೆಗೆದಿರಬೇಕು, ಬೆಳ್ಳುಳ್ಳಿಯನ್ನು ಸೀಮೆಎಣ್ಣೆಯಲ್ಲಿ ಕೊಳೆಹಾಕಿದಂಥ ವಾಸನೆ ಬಂತು. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು ಅತ್ತ ಸರಿದಳು. ನನಗೆ ಸರಿಯಲೂ ಆಗಲಿಲ್ಲ. ಬಸ್ಸು ಬಂದು, ನಿಂತು, ಹೋಗಿಯೂಬಿಟ್ಟಿತು.

ನಾನು ಮೊದಲಿನಿಂದಲೂ ಪುಕ್ಕಲಿ. ಹಲ್ಲಿಗೆ ಹೆದರುತ್ತೇನೆ, ಗುಡುಗಿಗೆ ಹೆದರುತ್ತೇನೆ, ಇಪ್ಪತ್ತು ವರ್ಷ ಪಾಠ ಮಾಡಿದರೂ ಇನ್‌ಸ್ಪೆಕ್ಟರು ಬಂದರೆ ಚಾಕ್‌ಪೀಸು ಕೆಳಗೆ ಬೀಳಿಸುತ್ತೇನೆ. ಆ ಹೆದರಿಕೆಗಳೆಲ್ಲ ಬಂದು ಹೋಗುವಂಥವು. ಆರು ವರ್ಷದ ಹಿಂದೆ ನ್ಯಾಮತಿಯಲ್ಲಿ, ಶ್ರಾವಣದಿಂದ ಕಾರ್ತಿಕದವರೆಗೆ, ನನ್ನ ಜೊತೆಗೇ ಉಂಡು ಮಲಗಿ ಎದ್ದ ಹೆದರಿಕೆಯ ಜಾತಿಯೇ ಬೇರೆ.

ಆಗ ಜಗಳೂರಿನಿಂದ ನ್ಯಾಮತಿಯ ಹೈಸ್ಕೂಲಿಗೆ ವರ್ಗವಾಗಿತ್ತು. ನಾನು ಬಿಳಿಚೋಡಿನವಳು. ನಮ್ಮ ಕಡೆ ಕುಡಿಯುವ ನೀರಿಗೇ ಕೊಡ ಹಿಡಿದು ನಿಂತು ಬೆಳೆದವರು, ಗುಲಾಬಿಗೆಲ್ಲ ಯಾರು ನೀರು ಹಾಕುತ್ತಾರೆ? ಹಾಗಾಗಿ ಹಾಲಮ್ಮನ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಹಿಡಿಯಲು ಹೋದ ದಿನ ಅಂಗಳದಲ್ಲಿ ಇಪ್ಪತ್ತಾರು ಗುಲಾಬಿ ಗಿಡ ನೋಡಿ ಬೆರಗಾಗಿದ್ದೆ. ಎಲ್ಲವೂ ಅಂಗಡಿಯ ಉದ್ದ ಕಾಂಡದ ಗುಲಾಬಿಗಳಲ್ಲ. ಬಾವಿಕಟ್ಟೆಯ ಪಕ್ಕದಲ್ಲಿ ನನ್ನೆತ್ತರಕ್ಕೆ ಬೆಳೆದಿದ್ದ ಪನ್ನೀರು ಗುಲಾಬಿಯದೇ ಒಂದು ಗತ್ತು. ತಿಳಿ ಗುಲಾಬಿ ಬಣ್ಣ, ಮುಟ್ಟಿದರೆ ಎಸಳು ಉದುರುತ್ತದೆ, ವಾಸನೆ ಮಾತ್ರ ಬೀದಿಯ ತನಕ.

ಹಾಲಮ್ಮ ಐವತ್ತೈದರ ಗಟ್ಟಿ ಹೆಂಗಸು. ಗಂಡ ರುದ್ರಪ್ಪನವರು ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಉಳಿದ ಮಾತೆಲ್ಲ ಹಾಲಮ್ಮನವೇ. ಮೊದಲ ದಿನವೇ ನನ್ನನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೆದಳು. ನಾನೂ ಅವಳನ್ನು ದೊಡ್ಡಮ್ಮ ಎಂದೆ.

"ಸುಧಾ, ಮನಿ ನಿಂದು ಅಂತ ತಿಳ್ಕಾ. ಕರೆಂಟು, ನೀರು ಏನೂ ತಂಟೆ ಇಲ್ಲ. ಒಂದೇ ಮಾತು. ಈ ಗಿಡಕ್ಕೆ ಯಾರೂ ಎಣ್ಣೆ ಹೊಡಿಯಂಗಿಲ್ಲ. ಇವು ಪೂಜೆ ಹೂವು" ಎಂದಳು. ಆ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ನಾನು ಆಗಲಿ ಎಂದು ತಲೆಯಾಡಿಸಿದ್ದೆ.

ಅವಳ ಪೂಜೆಯನ್ನು ಆಮೇಲೆ ದಿನಾ ಕಂಡೆ. ಬೆಳಕು ಹರಿಯುವಾಗ ಮಿಂದು ಬಂದು, ಒದ್ದೆ ಕೂದಲಲ್ಲೇ ಪನ್ನೀರು ಗುಲಾಬಿ ಒಂದೋ ಎರಡೋ ಕಿತ್ತು ಒಳಗೆ ಹೋಗುವಳು. ಕೊರಳ ಲಿಂಗವನ್ನು ಎಡಗೈ ಮೇಲಿಟ್ಟುಕೊಂಡು ವಿಭೂತಿ ಹಚ್ಚಿ, ಹೂವಿಟ್ಟು, ಅದರ ಮೇಲೆ ನೀರು ಹನಿಸುವಳು. ಹೂವನ್ನೂ ಲಿಂಗವನ್ನೂ ತೋಯಿಸಿ ಬಟ್ಟಲಿಗಿಳಿದ ಆ ನೀರು ಪಾದೋದಕ. ಅದನ್ನು ಕುಡಿಯದೆ ಹಾಲಮ್ಮ ಚಹಾ ಕೂಡ ಮುಟ್ಟುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಲಿಂಗಪೂಜೆಯಿಲ್ಲ. ನನಗೆ ಅದು ದಿನಾ ಕಿಟಕಿಯಿಂದ ಕಾಣುವ ಒಂದು ಚಂದದ ನೋಟ, ಅಷ್ಟೇ. ಆ ನೀರು ಹೊಟ್ಟೆಗೆ ಹೋಗುತ್ತದೆ ಎಂಬುದು ಕಣ್ಣಿಗೆ ಗೊತ್ತಿತ್ತು, ತಲೆಗೆ ಹೋಗಿರಲಿಲ್ಲ.

ಆಷಾಢದ ಕೊನೆಗೆ ಮಗಳು ರೇಖಾ ಕೆರೆಬಿಳಚಿಯ ಗಂಡನ ಮನೆಯಿಂದ ಬಂದಳು. ಬಸುರಿ. ಹಿಂದಿನ ವರ್ಷ ಒಂದು ಕೂಸು ಆರನೇ ತಿಂಗಳಿಗೇ ಹೋಗಿತ್ತು. ಈ ಸಲವೂ ಆರಕ್ಕೆ ಬಿದ್ದಿತ್ತು, ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಎಂದಿದ್ದರು. ಹಾಲಮ್ಮನ ಹತ್ತು ಬೆರಳೂ ಮಗಳ ಹಿಂದೆ ಬಿದ್ದವು. ಹೊತ್ತು ಹೊತ್ತಿಗೆ ಗಂಜಿ, ಹಾಲು, ಕಾಲಿಗೆ ಎಣ್ಣೆ, ಬೆನ್ನಿಗೆ ದಿಂಬು. ಬೆಳಗಿನ ಪಾದೋದಕದ ಮೊದಲ ಚಮಚವೂ ಮಗಳಿಗೇ.

"ಗಿಡ ನೋಡಾಕೆ ನಂಗೆ ಪುರುಸೊತ್ತಿಲ್ಲ ಸುಧಾ. ನಿನ್ ಕೈಗೆ ಬಿಟ್ಟೀನಿ" ಎಂದಳು ಒಂದು ಸಂಜೆ.

"ಬಿಡ್ರಿ ದೊಡ್ಡಮ್ಮ, ಸೈನ್ಸ್ ಟೀಚರ್ ಅಲ್ಲೇನು ನಾನು" ಎಂದೆ. ಆ ಮಾತು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಆ ವರ್ಷ ಜಡಿಮಳೆ. ದಿನವಿಡೀ ಜಿಟಿಜಿಟಿ, ಬಿಸಿಲೆಂಬುದು ಹೆಸರಿಗೂ ಇಲ್ಲ. ಅಷ್ಟು ಮಳೆ ಬರುತ್ತಿದ್ದರೂ ಬಿಳಿಚೋಡಿನ ಬುದ್ಧಿ ಬಿಡಬೇಕಲ್ಲ, ಮಳೆ ಬಿಟ್ಟ ದಿನ ನಾನು ಪೈಪು ಹಿಡಿದು ಗಿಡಗಳಿಗೆ ತಲೆಯ ಮೇಲಿಂದ ಸ್ನಾನ ಮಾಡಿಸುತ್ತಿದ್ದೆ. ಹತ್ತೇ ದಿನದಲ್ಲಿ ಬುಡದ ಎಲೆಗಳ ಮೇಲೆ ಮಸಿ ಚಿಮುಕಿಸಿದಂತೆ ಕಪ್ಪು ಚುಕ್ಕೆ ಬಂದವು. ಚುಕ್ಕೆಯ ಸುತ್ತ ಎಲೆ ಹಳದಿಯಾಗಿ ಉದುರತೊಡಗಿತು. ರೋಗ ಬುಡದಿಂದ ಮೇಲಕ್ಕೆ ಹತ್ತುತ್ತ ಹೋಯಿತು. ಮೊಗ್ಗುಗಳು ಅರ್ಧ ಬಿರಿದು ನಿಂತುಬಿಟ್ಟವು. ಹಾಲಮ್ಮ ಒಂದು ದಿನ ನೋಡಿ, ಏನೂ ಅನ್ನದೆ, ಪೂಜೆಗೆ ಹೂವಾಡಗಿತ್ತಿಯಿಂದ ಸೇವಂತಿಗೆ ಕೊಳ್ಳಲು ಶುರು ಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಸುಮ್ಮನಿದ್ದುದು ನನಗೆ ಅವಮಾನವಾಯಿತು.

ಪಕ್ಕದ ಮನೆಯ ಕುಮಾರಣ್ಣ ಮೆಕ್ಕೆಜೋಳದವನು. ಆ ಹಂಗಾಮಿನಲ್ಲಿ ಜೋಳದ ಸುಳಿಯೊಳಗೆ ಸೈನಿಕ ಹುಳು ಬಿದ್ದು, ಊರಲ್ಲಿ ಯಾರ ಬಾಯಲ್ಲಿ ಕೇಳಿದರೂ ಹುಳದ ಮಾತೇ. ಗೋಡೆಯಾಚೆಯಿಂದ ಗಿಡ ನೋಡಿ, "ಹುಳನೇ ಮೇಡಂ, ಇನ್ನೇನು. ಎಲೆ ಉದುರ್ತಾವೆ ಅಂದ್ರೆ ಹುಳನೇ. ಹೊಲಕ್ಕೆ ಹೊಡೆದಿದ್ದು ಒಂಚೂರು ಉಳಿದೈತೆ, ಕೊಡ್ತೀನಿ. ಒಂದು ಮುಚ್ಚಳ ಹಾಕ್ರಿ, ಹೊಡೀರಿ. ಹುಳ ಅನ್ನೋದು ಉಳಿಯಾಂಗಿಲ್ಲ" ಎಂದ. ಕುಡಿಯುವ ನೀರಿನ ಬಾಟಲಿಯಲ್ಲಿ ಕಾಲು ಭಾಗ ತಂದುಕೊಟ್ಟ. ಹಾಲಿನಂತೆ ಬೆಳ್ಳಗಿತ್ತು.

ಒಂದು ಎಲೆಯನ್ನಾದರೂ ಮಗುಚಿ ನೋಡಿದ್ದರೆ, ಅಲ್ಲಿ ಹುಳವೂ ಇಲ್ಲ, ಮೊಟ್ಟೆಯೂ ಇಲ್ಲ, ಕಚ್ಚಿದ ಗುರುತೂ ಇಲ್ಲ ಎಂಬುದು ಕಾಣುತ್ತಿತ್ತು. ಅದು ಶಿಲೀಂಧ್ರದ ರೋಗ. ಎಂಟನೇ ಕ್ಲಾಸಿಗೆ ನಾನೇ ಪಾಠ ಮಾಡಿದ್ದೆ, ಬೋರ್ಡಿನ ಮೇಲೆ ಚಿತ್ರ ಬರೆದಿದ್ದೆ. ಹುಳದ ಔಷಧಿ ಅದಕ್ಕೆ ಏನನ್ನೂ ಮಾಡುವುದಿಲ್ಲ. ನಾನು ನೋಡಲಿಲ್ಲ. ಭಾನುವಾರ ಸಂಜೆ ಹಾಲಮ್ಮ, ರುದ್ರಪ್ಪ ಇಬ್ಬರೂ ಮಠಕ್ಕೆ ಹೋಗಿದ್ದರು, ರೇಖಾ ಮಲಗಿದ್ದಳು. ಬಟ್ಟೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಗೆ ಔಷಧಿ ಬೆರೆಸಿ ಇಪ್ಪತ್ತಾರು ಗಿಡಕ್ಕೂ ಹೊಡೆದೆ. ಒಂದು ಮುಚ್ಚಳ ಎಂದಿದ್ದ, ಬೇಗ ಗುಣವಾಗಲಿ ಎಂದು ಎರಡು ಹಾಕಿದೆ. ಪನ್ನೀರು ಗುಲಾಬಿಗೆ ಎರಡು ಸುತ್ತು. ಪೂಜೆಗೆ ಈ ಹೂವು ಈಗ ಬಳಸುತ್ತಿಲ್ಲವಲ್ಲ ಎಂಬ ಧೈರ್ಯ. ಗಿಡ ಚಿಗುರಿದ ಮೇಲೆ ಹೇಳಿದರಾಯಿತು ಎಂದುಕೊಂಡು, ಬಾಟಲಿ ಬಚ್ಚಲ ಹಿಂದೆ ಇಟ್ಟು, ಕೈ ತೊಳೆದು, ಉಂಡು ಮಲಗಿದೆ.

ಮರುದಿನ ಶ್ರಾವಣ ಸೋಮವಾರ. ಹತ್ತನೇ ಕ್ಲಾಸಿನವರಿಗೆ ಸ್ಪೆಷಲ್ ಕ್ಲಾಸ್ ಇದ್ದುದರಿಂದ ನಾನು ಬೇಗನೆ ಎದ್ದು, ಯಾರನ್ನೂ ಮಾತಾಡಿಸದೆ ಹೊರಟುಹೋದೆ. ಮೊದಲ ಪೀರಿಯಡ್ ಮುಗಿಯುವ ಹೊತ್ತಿಗೆ ನಮ್ಮ ಬೀದಿಯ ಹುಡುಗಿ ಶ್ವೇತಾ ಓಡುತ್ತ ಬಂದು ಬಾಗಿಲಲ್ಲಿ ನಿಂತಳು. ಜಡೆಯಲ್ಲಿ ತಿಳಿ ಗುಲಾಬಿ ಬಣ್ಣದ ಹೂವು.

"ಲೇಟ್ ಯಾಕೆ?"

"ಹಾಲಜ್ಜಿ ಕರೆದು ಹೂ ಮುಡಿಸಿದ್ರು ಮೇಡಂ. ಹೂವಾಡಗಿತ್ತಿ ಬರಲಿಲ್ಲಂತೆ, ನಿಮ್ಮ ಗಿಡದಾಗೆ ಮೂರು ಹೂ ಸಿಕ್ಕಿದ್ವಂತೆ. ಎರಡು ಪೂಜೆಗೆ, ಒಂದು ನಂಗೆ" ಎಂದಳು ಹುಡುಗಿ, ಬಹಳ ಖುಷಿಯಲ್ಲಿ.

ಹತ್ತಿರ ಹೋಗಿ ಹೂವು ತೆಗೆದು ಮೂಸಿದೆ. ಪನ್ನೀರಿನ ವಾಸನೆಯ ಅಡಿಯಲ್ಲಿ ಬೆಳ್ಳುಳ್ಳಿ, ಸೀಮೆಎಣ್ಣೆ. ಶ್ವೇತಾಳನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಕೈ, ಕುತ್ತಿಗೆ, ಜಡೆ ಎಲ್ಲ ಸೋಪು ಹಚ್ಚಿ ತೊಳೆದೆ. ಅದು ಅಳಲು ಶುರುಮಾಡಿತು. ಹೆಡ್‌ಮಾಸ್ಟರಿಗೆ ಏನು ಹೇಳಿದೆನೋ ನೆನಪಿಲ್ಲ. ಚಪ್ಪಲಿ ಕೈಲಿ ಹಿಡಿದು ಕೆಸರಲ್ಲಿ ಓಡಿದೆ. ರಾತ್ರಿ ಮಳೆ ಬಂದಿತ್ತೇ, ಇಲ್ಲವೇ? ಬಂದಿದ್ದರೆ ತೊಳೆದುಹೋಗಿರುತ್ತದೆ. ಬಂದಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಇಡೀ ತಿಂಗಳು ಹೆಚ್ಚುಕಮ್ಮಿ ದಿನಾ ಹೊಯ್ದ ಮಳೆ ಆ ಒಂದು ರಾತ್ರಿ ಬಿಟ್ಟಿತ್ತು.

ಹಾಲಮ್ಮ ಪಡಸಾಲೆಯಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ನೆಗಡಿಯಾಗಿ ಮೂಗು ಕೆಂಪಗಿತ್ತು. ವಾಸನೆ ಏಕೆ ತಿಳಿಯಲಿಲ್ಲ ಎಂಬುದಕ್ಕೆ ಕಾರಣ ಅಲ್ಲೇ ಇತ್ತು.

"ದೊಡ್ಡಮ್ಮ, ಪೂಜೆ ಆತೇನು?"

"ಆತು. ಯಾಕೆ, ಹಿಂಗೆ ಓಡಿ ಬಂದೀಯ?"

"ಪಾದೋದಕ?"

"ತಗಂಡ್ವಿ. ನಾನೂ ತಗಂಡೆ, ರೇಖಾಗೂ ಕೊಟ್ಟೆ."

ಸುಳ್ಳು ಹೇಳುವ ಆಸೆ ಒಂದು ಗಳಿಗೆ ಬಂದುಹೋಯಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಸುಮ್ಮನೆ ಹಿಂದಕ್ಕೆ ಹೋಗಿ ಪಾಠ ಮಾಡಬಹುದಿತ್ತು. ಏನೂ ಆಗದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಒಳಗೆ ಮಂಚದ ಮೇಲಿಂದ ರೇಖಾ, "ಮೇಡಂ ಬಂದ್ರೇನವ್ವ? ಇವತ್ತು ಬೇಗ ಬಿಟ್ರಾ ಸ್ಕೂಲು?" ಎಂದಳು. ಆ ದನಿ ಕೇಳಿದ ಮೇಲೆ ನನ್ನ ಬಾಯಿ ತಾನೇ ಹೇಳಿಬಿಟ್ಟಿತು. ಎಣ್ಣೆ ಹೊಡೆದೀನಿ, ನಿನ್ನೆ ಸಂಜೆ, ಎರಡು ಮುಚ್ಚಳ ಹಾಕಿ.

ಹಾಲಮ್ಮ ನನ್ನನ್ನು ಹೊಡೆಯಲಿಲ್ಲ, ಕೂಗಲಿಲ್ಲ. ಮಡಿಲಿನ ಅಲಸಂದೆಕಾಯಿ ನೆಲಕ್ಕೆ ಬಿದ್ದವು. "ಇವ್ರೇ, ವ್ಯಾನ್ ತೆಗೀರಿ" ಎಂದು ಗಂಡನಿಗೆ ಹೇಳಿದಳು. ಐದು ನಿಮಿಷದಲ್ಲಿ ರುದ್ರಪ್ಪನವರ ಹಳೇ ವ್ಯಾನು ಹೊನ್ನಾಳಿಯ ಕಡೆ ಹೊರಟಿತು. ಔಷಧಿಯ ಬಾಟಲಿಯನ್ನು ಕಿಟಕಿಯೊಳಗೆ ಕೊಟ್ಟೆ. ನಾನೂ ಬರುತ್ತೇನೆ ಎಂದೆ. ಹಾಲಮ್ಮ ನನ್ನ ಮುಖ ನೋಡದೆ ಬಾಗಿಲು ಎಳೆದುಕೊಂಡಳು.

ಮುಕ್ಕಾಲು ಗಂಟೆಯ ಮೇಲೆ ರುದ್ರಪ್ಪನವರ ಫೋನಿನಿಂದ ಡಾಕ್ಟರೇ ಮಾತಾಡಿದರು. ಹೆಣ್ಣು ದನಿ, ಅವಸರವಿಲ್ಲ, ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. "ಬಾಟಲಿ ಮೇಲೆ ಏನೂ ಬರೆದಿಲ್ಲ. ಯಾವ ಔಷಧಿ ಅಂತ ಗೊತ್ತಾಗದೆ ನಾನು ಏನೂ ಹೇಳೋಕಾಗಲ್ಲ. ಮೂಲ ಡಬ್ಬ ಹುಡುಕಿ. ಅದರ ಮೇಲೆ ಒಂದು ಚೌಕ ಇರುತ್ತೆ, ಕೆಳಗಿನ ಅರ್ಧಕ್ಕೆ ಬಣ್ಣ ಹಾಕಿರ್ತಾರೆ. ಹಸಿರು, ನೀಲಿ, ಹಳದಿ, ಕೆಂಪು. ಹಸಿರಿಗೆ ವಿಷ ಕಡಿಮೆ, ಕೆಂಪಿಗೆ ಎಲ್ಲಕ್ಕಿಂತ ಜಾಸ್ತಿ. ಸಿಕ್ಕಿದ ಕೂಡಲೇ ಫೋಟೋ ಕಳಿಸಿ."

ಕುಮಾರಣ್ಣನಿಗೆ ಔಷಧಿಯ ಹೆಸರು ಗೊತ್ತಿರಲಿಲ್ಲ. "ಅಂಗಡಿಯೋರು ಕೊಟ್ಟಿದ್ದು ಮೇಡಂ, ಹುಳಕ್ಕೆ ಅಂತ ಕೇಳಿದೆ, ಕೊಟ್ರು. ಡಬ್ಬ ಹೊಲದ ಬದುವಿನ ಮ್ಯಾಲೆ ಎಸೆದು ಬಂದೆ" ಎಂದ. ಅವನೇ ಬೈಕು ತೆಗೆದ. ಬೈಕಿನ ಹಿಂದೆ ಕೂತು ಹೊಲಕ್ಕೆ ಹೋದೆ. ಮೆಕ್ಕೆಜೋಳ ನನ್ನ ತಲೆಯ ಮಟ್ಟಕ್ಕಿತ್ತು. ಬದುವಿನ ಮೇಲೆ ಹುಲ್ಲು ಮೊಣಕಾಲುದ್ದ. ಅವನು ಒಂದು ಬದು, ನಾನು ಒಂದು ಬದು. ಜೋಳದ ಗರಿ ಕೈ ಕೊಯ್ಯುತ್ತಿತ್ತು, ಸುಳಿಯಲ್ಲಿ ಹುಳದ ಹಿಕ್ಕೆ ಒದ್ದೆ ಹೊಟ್ಟಿನಂತೆ ತುಂಬಿತ್ತು. ಬಿಸ್ಕತ್ತಿನ ಕಾಗದ ಸಿಕ್ಕಿತು, ಹಳೇ ಚಪ್ಪಲಿ ಸಿಕ್ಕಿತು, ಬೇರೆ ಎರಡು ಡಬ್ಬ ಸಿಕ್ಕವು, ಅವು ಹೋದ ವರ್ಷದ ಕಳೆನಾಶಕದವು. ಒಂದೊಂದು ನಿಮಿಷಕ್ಕೂ ಆ ಎರಡು ಜೀವದೊಳಗೆ, ಅಲ್ಲ, ಮೂರು ಜೀವದೊಳಗೆ ಏನು ಇಳಿಯುತ್ತಿದೆಯೋ ಎಂದುಕೊಳ್ಳುತ್ತ ಹುಲ್ಲು ಬಗೆಯುತ್ತಿದ್ದೆ. ಬೇಡಿಕೊಳ್ಳಲು ಯಾವ ದೇವರ ಹೆಸರೂ ನಾಲಿಗೆಗೆ ಬರಲಿಲ್ಲ, "ಹಸಿರು, ಹಸಿರು" ಎಂದೇ ಹೇಳಿಕೊಳ್ಳುತ್ತಿದ್ದೆ.

"ಇಲ್ಲೈತೆ ಮೇಡಂ" ಎಂದು ಕುಮಾರಣ್ಣ ಕರೆದ.

ಡಬ್ಬ ಬೋರಲು ಬಿದ್ದಿತ್ತು. ಎತ್ತಿದರೆ ಚೌಕ ಕೆಂಪು. ಕುಮಾರಣ್ಣ ಡಬ್ಬ ಕಿತ್ತುಕೊಂಡು, ಟವೆಲಿಗೆ ಉಗುಳು ಹಚ್ಚಿ ತಿಕ್ಕಿದ. ಕೆಂಪು ಮಣ್ಣು ಬಿಟ್ಟುಕೊಂಡು ಬಂತು. ಅಡಿಯಲ್ಲಿ ನೀಲಿ.

"ನೀಲಿ ಅಂದ್ರೆ ಪರವಾಗಿಲ್ಲೇನ್ರಿ?" ಎಂದು ಕೇಳಿದ. ಎರಡು ಎಕರೆಗೆ ಅದನ್ನೇ ಬರಿಗೈಯಲ್ಲಿ ಕಲಸಿ ಹೊಡೆದವನು ಅವನು. ನನಗೆ ಗೊತ್ತಿಲ್ಲ ಕುಮಾರಣ್ಣ ಎಂದೆ. ಮೂರು ಸಲ ಫೋಟೋ ಕೆಟ್ಟಿತು, ನಾಲ್ಕನೆಯದನ್ನು ಕಳಿಸಿದೆ.

ಅವರು ಮಾರನೇ ದಿನ ಮಧ್ಯಾಹ್ನ ವಾಪಸು ಬಂದರು. ಕೆಂಪಲ್ಲದ್ದು ಸದ್ಯ ಒಳ್ಳೆಯದಾಯಿತು, ಹೊಟ್ಟೆಗೆ ಹೋದದ್ದೂ ಬಹಳ ಕಡಿಮೆ, ರೇಖಾಳಿಗೂ ಹಾಲಮ್ಮನಿಗೂ ಏನೂ ತೊಂದರೆ ಕಾಣುತ್ತಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಕೂಸಿನ ಎದೆಬಡಿತವೂ ಸರಿಯಾಗಿದೆ, ಆದರೆ ಹೆರಿಗೆಯವರೆಗೆ ಕಣ್ಣಿಟ್ಟಿರಬೇಕು, ಒದೆಯುವುದು ಕಡಿಮೆಯಾದರೆ ತಕ್ಷಣ ಬರಬೇಕು ಎಂದೂ ಹೇಳಿದ್ದರಂತೆ. ಇಷ್ಟನ್ನು ರುದ್ರಪ್ಪನವರು ಹೇಳಿದರು. ಅವರು ನನ್ನ ಹತ್ತಿರ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ನಾನು ಬಟ್ಟೆ ಗಂಟು ಕಟ್ಟಿ ಇಟ್ಟಿದ್ದೆ. ಹಾಲಮ್ಮ ಬಾಗಿಲಿಗೆ ಬಂದು ಗಂಟು ನೋಡಿದಳು.

"ಎಲ್ಲಿಗೆ ಹೊರಟ್ರಿ ಮೇಡಂ?"

ಮೇಡಂ. ಹೊರಟ್ರಿ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

"ಮನಿ ಬಿಡಬ್ಯಾಡ್ರಿ. ಗಿಡ ಕೆಡಿಸಿದೋರು ನೀವು, ನೀವೇ ನೆಟ್ಟಗೆ ಮಾಡ್ರಿ. ಎಣ್ಣೆ ಮಾತ್ರ ಬ್ಯಾಡ" ಎಂದು ಹೋದಳು. ಅಂದಿನಿಂದ ಪೂಜೆಗೆ ಹೂವನ್ನೇ ನಿಲ್ಲಿಸಿದಳು. ಬರೀ ವಿಭೂತಿ, ಬರೀ ನೀರು.

ಮೊದಲು ಔಷಧಿ ಬಿದ್ದ ಮೊಗ್ಗು, ಹೂವು ಒಂದೂ ಬಿಡದೆ ಕಿತ್ತು ಗುಂಡಿ ತೋಡಿ ಹೂತೆ. ಆಮೇಲೆ ಪ್ರತಿ ಬೆಳಿಗ್ಗೆ, ಶಾಲೆಗೆ ಹೋಗುವ ಮೊದಲು ಒಂದು ಗಂಟೆ, ಗಿಡಗಳ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ರೇಖಾಳ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಹಾಲಮ್ಮ ಮಗಳ ತಲೆ ಬಾಚುತ್ತ, ನನ್ನ ಕಡೆ ನೋಡದೆ, ಗೋಡೆಗೆ ಹೇಳುವಂತೆ ಹೇಳುವಳು. "ಚುಕ್ಕೆ ಬಿದ್ದ ಎಲೆ ಕಿತ್ತು ಸುಡಬೇಕು. ಬುಡದಾಗೆ ಉದುರಿದ್ದೂ ಆರಿಸ್ಬೇಕು, ಅದ್ರಿಂದನೇ ಮತ್ತೆ ಹತ್ತೋದು." ಇನ್ನೊಂದು ದಿನ, "ನೀರು ತಲೆ ಮ್ಯಾಲೆ ಹಾಕ್ಬಾರ್ದು, ಬುಡಕ್ಕೆ ಹಾಕ್ಬೇಕು, ಅದೂ ಬೆಳಿಗ್ಗೆ." ದಿನಾ ಕೊನೆಗೆ ಒಂದು ಮಾತು ಇದ್ದೇ ಇರುತ್ತಿತ್ತು. "ಎಲೆ ಮಗುಚಿ ನೋಡ್ರಿ."

ಮಗುಚಿ ನೋಡುವುದನ್ನು ಕಲಿತೆ. ನೋಡಿದಷ್ಟೂ ಹೆದರಿಕೆ ಜಾಸ್ತಿಯಾಯಿತು. ಮಳೆ ನಿಂತು ಚಿಗುರೊಡೆದಾಗ ಎಳೆ ತುದಿಗಳ ಮೇಲೆ ಹಸಿರು ಹೇನು ಮುತ್ತಿಕೊಂಡವು, ಕಾಂಡದ ಮೇಲೆ ಇರುವೆ ಸಾಲು ಹತ್ತಿದ್ದರಿಂದ ಗೊತ್ತಾಯಿತು. ಬೆರಳಲ್ಲಿ ಒರೆಸಿ ತೆಗೆದೆ, ಸೋಪಿನ ನೀರಲ್ಲಿ ತೊಳೆದೆ. ನಾಲ್ಕು ದಿನ ಬಿಸಿಲು ಕಾದರೆ ಎಲೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ, ಅದರ ಬಲೆ. ನೀರನ್ನು ಕೆಳಗಿನಿಂದ ಮೇಲಕ್ಕೆ ರಭಸವಾಗಿ ಹೊಡೆದರೆ ಅದು ಹೋಗುತ್ತಿತ್ತು. ದಸರೆ ಕಳೆದು ಇಬ್ಬನಿ ಬಿದ್ದ ಮೇಲೆ ಎಳೆ ಎಲೆಗೆಲ್ಲ ವಿಭೂತಿ ಬಳಿದಂತೆ ಬೂದಿ ರೋಗ ಬಂತು. ಹುಳಿ ಮಜ್ಜಿಗೆ ತೆಳ್ಳಗೆ ಮಾಡಿ ಚಿಮುಕಿಸಿ ಎಂದು ಕಿಟಕಿ ಹೇಳಿತು. ಒಂದು ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು. ಸೈನ್ಸ್ ಓದಿದವಳಾಗಿಯೂ ನಾನು ಒಂದು ಹುಚ್ಚು ಲೆಕ್ಕ ಹಾಕಿಕೊಂಡಿದ್ದೆ. ಈ ಗಿಡಗಳಿಗೆ ಏನಾಗುತ್ತದೋ ಒಳಗಿನ ಕೂಸಿಗೂ ಅದೇ. ಯಾರಿಗೂ ಹೇಳಲಿಲ್ಲ. ಒಂದು ಎಲೆ ಮುದುಡಿದರೂ ಶಾಲೆಯಲ್ಲಿ ದಿನವಿಡೀ ಮನಸ್ಸು ನೆಟ್ಟಗಿರುತ್ತಿರಲಿಲ್ಲ.

ರೇಖಾ ಮಾತ್ರ ನನ್ನ ಜೊತೆ ಮೊದಲಿನಂತೆಯೇ ಇದ್ದಳು. ಅವಳಿಗೆ ಎಷ್ಟು ಭಯವಿತ್ತೋ, ತೋರಿಸಲಿಲ್ಲ. ಸಂಜೆ ನಾನು ಗೇಟು ತೆರೆದ ಸದ್ದಾದರೆ ಸಾಕು, ಕಿಟಕಿಯಿಂದ, "ಮೇಡಂ, ಒದೀತಾ ಐತೆ" ಎನ್ನುವಳು. ಆ ಮೂರು ಮಾತು ಕೇಳಿದ ಮೇಲೆಯೇ ನನಗೆ ಚಹಾ ಒಳಗಿಳಿಯುತ್ತಿದ್ದುದು.

ದೀಪಾವಳಿಗೆ ಮುಂಚೆ ಪನ್ನೀರು ಗುಲಾಬಿಯ ದೊಡ್ಡ ಕೊಂಬೆ ತುದಿಯಿಂದ ಒಣಗಲು ಶುರುವಾಯಿತು. ಮೊದಲು ಬೆರಳುದ್ದ ಕಪ್ಪಾಯಿತು. ಮೂರು ದಿನಕ್ಕೆ ಗೇಣುದ್ದ. ಕಪ್ಪು ಕೆಳಗಿಳಿಯುತ್ತಲೇ ಇತ್ತು. ಆ ಸಂಜೆ ಗೇಟು ತೆರೆದೆ. ಕಿಟಕಿಯಿಂದ ಮಾತಿಲ್ಲ. ಗೇಟನ್ನು ಮತ್ತೆ ಹಾಕಿ ಜೋರಾಗಿ ತೆರೆದೆ. ಇಲ್ಲ. ಬಾಗಿಲಿಗೆ ಬೀಗ, ವ್ಯಾನು ಇಲ್ಲ. ಫೋನು ಮಾಡಿದರೆ ಎತ್ತುತ್ತಿಲ್ಲ. ಕತ್ತರಿ ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು ಹೋಗಿ ಆ ಕೊಂಬೆಯ ಮುಂದೆ ನಿಂತೆ. ಕಪ್ಪಿನ ಕೆಳಗೆ ಕತ್ತರಿಸಿದೆ, ಒಳಗಿನ ತಿರುಳು ಕಂದು. ಇನ್ನೂ ಕೆಳಗೆ ಕತ್ತರಿಸಿದೆ, ಕಂದು. ಮತ್ತೂ ಕೆಳಗೆ. ಅಳುತ್ತ ಕತ್ತರಿಸುತ್ತ ಹೋದೆ. ಬುಡದಿಂದ ಒಂದು ಮೊಳ ಉಳಿದಾಗ ಒಳಗೆ ಬಿಳಿಹಸಿರು ತಿರುಳು ಕಂಡಿತು. ಕೊಯ್ದ ಜಾಗಕ್ಕೆ ಸಗಣಿ, ಅರಿಸಿನ ಕಲಸಿ ಮೆತ್ತಿ, ಅಲ್ಲೇ ಮಣ್ಣಲ್ಲಿ ಕೂತುಬಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ವ್ಯಾನು ಬಂತು. ಮಧ್ಯಾಹ್ನದಿಂದ ಕೂಸು ಅಲುಗಿರಲಿಲ್ಲವಂತೆ, ಹೊನ್ನಾಳಿಗೆ ಹೋಗಿದ್ದರಂತೆ. ರೇಖಾ ವ್ಯಾನಿನಿಂದ ಇಳಿಯುತ್ತ ನನ್ನ ಮಣ್ಣು ಮೆತ್ತಿದ ಮುಖ ನೋಡಿದಳು. "ನಿದ್ದಿ ಮಾಡ್ತಿತ್ತಂತೆ ಮೇಡಂ. ಡಾಕ್ಟ್ರು ಗಂಜಿ ಕುಡಿಸಿ ಮಲಗಿಸಿದ್ ಮ್ಯಾಲೆ ಎದ್ದು ಒದೀತು" ಎಂದಳು. ಹಾಲಮ್ಮ ನನ್ನನ್ನು ದಾಟಿ ಬಾವಿಕಟ್ಟೆಯ ಹತ್ತಿರ ಹೋಗಿ, ಒಂದು ಮೊಳಕ್ಕಿಳಿದ ಗಿಡವನ್ನೂ ಸಗಣಿ ಮೆತ್ತಿದ ಗಾಯವನ್ನೂ ಬಗ್ಗಿ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಲೋಟ ಬಿಸಿ ಹಾಲು ನನ್ನ ಹೊಸ್ತಿಲ ಮೇಲೆ ಇತ್ತು.

ಕಾರ್ತಿಕದ ನಡುವೆ ರೇಖಾಳಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಫೋನಿನಲ್ಲಿ ರುದ್ರಪ್ಪನವರು, "ಕೈಕಾಲು ಎಲ್ಲ ನೆಟ್ಟಗೈತಂತೆ" ಎಂದರು. ನಾನು ಸ್ಟಾಫ್‌ರೂಮಿನಲ್ಲಿ ಎಲ್ಲರೆದುರು ಅತ್ತೆ. ಹಾಗೆಂದು ಹೆದರಿಕೆ ಹೋಗಲಿಲ್ಲ. ಮನೆಗೆ ಬಂದ ಕೂಸನ್ನು ದೂರದಿಂದ ನೋಡಿದೆ, ಎತ್ತಿಕೊಳ್ಳಲು ಕೇಳಲಿಲ್ಲ. ಹಾಲಮ್ಮನೂ ಕೊಡಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ಕೂಸಿಗೆ ಲಿಂಗ ಕಟ್ಟಲು ಅಯ್ಯನೋರು ಬಂದಿದ್ದರು. ನಡುಮನೆಯಲ್ಲಿ ಮಣೆ ಹಾಕಿತ್ತು. ಕೆರೆಬಿಳಚಿಯ ಬೀಗರು ಬುಟ್ಟಿ ತುಂಬ ಸೇವಂತಿಗೆ ತಂದಿದ್ದರು. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಹಾಲಮ್ಮ ಪೂಜೆಗೆ ಕೂತವಳು ಬುಟ್ಟಿಯ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದಳು.

"ಸುಧಾ, ಬಾವಿಕಟ್ಟಿ ಗಿಡದಾಗೆ ಹೂ ಬಿಟ್ಟೈತಲ್ಲ. ತಗಂಬಾ."

ಮೊಳದುದ್ದ ಉಳಿದಿದ್ದ ಆ ಗಿಡ ಮೂರು ಚಿಗುರೊಡೆದು, ಅಂದೇ ಒಂದು ಹೂ ಬಿಟ್ಟಿತ್ತು. ನಾನು ಅದನ್ನು ನೋಡಿದ್ದೆ, ಅವಳು ನೋಡಿರುತ್ತಾಳೆ ಎಂದುಕೊಂಡಿರಲಿಲ್ಲ. ಹೋಗಿ ಮುಂದೆ ನಿಂತರೆ ಕೈ ಮುಂದಕ್ಕೆ ಹೋಗದು. ಎಲೆ ಮಗುಚಿ ನೋಡಿದೆ. ತೊಟ್ಟು ನೋಡಿದೆ. ಎಸಳು ಬಿಡಿಸಿ ಒಳಗೆ ನೋಡಿದೆ. ಮೂಸಿದೆ, ಪನ್ನೀರಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಆದರೂ ಒಂದು ಎಸಳು ಕಿತ್ತು ಬಾಯಿಗೆ ಹಾಕಿಕೊಂಡು ಅಗಿದೆ. ಅದರಿಂದ ಯಾವುದೂ ಸಾಬೀತಾಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆಮೇಲೆ ಹೂವು ಕಿತ್ತೆ.

"ದೊಡ್ಡಮ್ಮ, ತೊಳ್ಕಂಡು ಹಾಕ್ರಿ" ಎಂದೆ, ಕೊಡುತ್ತ.

"ನೋಡಿಲ್ಲೇನು ನೀನು?"

"ನೋಡೀನಿ."

"ಮಗುಚಿ ನೋಡಿದ್ಯಾ?"

"ನೋಡೀನಿ."

"ಮತ್ಯಾಕೆ ತೊಳೀಲಿ?" ಎಂದು ಹೂವನ್ನು ಹಾಗೆಯೇ ಲಿಂಗದ ಮೇಲಿಟ್ಟಳು. ನೀರು ಹನಿಸಿದಳು. ನೀರು ಎಸಳಿನ ಮೇಲೆ ಬಿದ್ದು, ಲಿಂಗದ ಮೇಲಿಂದ ಇಳಿದು, ಬಟ್ಟಲಿಗೆ ತೊಟ್ಟಿಕ್ಕುವುದನ್ನು ನಾನು ನೋಡುತ್ತಿದ್ದೆ. ಅವಳು ಕುಡಿದಳು. ಬಾಣಂತಿಗೆ ಒಂದು ಚಮಚ ಕೊಟ್ಟಳು. ಎದ್ದು ಬಂದು ನನ್ನ ಬಲಗೈ ಹಿಡಿದು ಅಂಗೈಗೆ ಒಂದು ಚಮಚ ಹಾಕಿದಳು. ಅರ್ಧ ಬೆರಳ ಸಂದಿಯಿಂದ ಚೆಲ್ಲಿಹೋಯಿತು. ಉಳಿದ ಅರ್ಧ ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡೆ.

ರೇಖಾಳ ಪಕ್ಕದಲ್ಲಿ ಮಲಗಿಸಿದ್ದ ಕೂಸು ಅಲುಗಿತು. ಹೊದೆಸಿದ ಬಟ್ಟೆ ಕಾಲ ಕಡೆಯಿಂದ ಎದ್ದು, ಬಿದ್ದು, ಮತ್ತೆ ಎದ್ದಿತು. ರೇಖಾ ದಿಂಬಿಗೊರಗಿಕೊಂಡೇ ನನ್ನ ಕಡೆ ನೋಡಿದಳು.

"ಮೇಡಂ, ಒದೀತಾ ಐತೆ" ಎಂದಳು.